ಮೈಕಿನಲ್ಲಿ ನನ್ನ ಹೆಸರು

ಮೈಕು ಹಿಡಿದಾಗ ಮೇಷ್ಟ್ರು ಎಡಗೈಯಿಂದ ಎಡಗಿವಿ ಮುಚ್ಚಿಕೊಳ್ಳುತ್ತಿದ್ದರು. ಕತ್ತಿನ ನರ ಉಬ್ಬಿ, ಬಾಯೊಳಗಿನ ಲವಂಗ ಒಂದು ಕೆನ್ನೆಗೆ ಸರಿದ ಮೇಲೆ ದನಿ ಹೊರಡುತ್ತಿತ್ತು. ಪಿರಿಯಾಪಟ್ಟಣದ ಸುತ್ತಮುತ್ತ ಎಲ್ಲಿ ಕಬಡ್ಡಿ ನಡೆದರೂ ವೀಕ್ಷಕ ವಿವರಣೆ ಅವರದೇ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು.

ಪಂದ್ಯಕ್ಕೆ ಮೊದಲು ಅವರು ಆಟಗಾರರ ನಡುವೆ ಬಂದು ಕೂತು ಒಬ್ಬೊಬ್ಬರ ಹೆಸರನ್ನೂ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಬೈಲಕುಪ್ಪೆಯ ಟಿಬೆಟನ್ ಹುಡುಗರು ಆಡಲು ಬಂದರೆ ಬೇರೆಯವರು ‘ಕ್ಯಾಂಪಿನ ಹುಡುಗ’ ಎಂದು ಮುಗಿಸಿಬಿಡುವರು. ಮೇಷ್ಟ್ರು ಮಾತ್ರ ಆ ಹುಡುಗ ‘ಸರಿ’ ಅನ್ನುವವರೆಗೂ ಅವನ ಹೆಸರನ್ನು ಹೇಳಿ ಹೇಳಿ ನಾಲಿಗೆ ತಿದ್ದಿಕೊಳ್ಳುತ್ತಿದ್ದರು.

ನಾನು ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಆದಿವಾಸಿ ಹಾಡಿಯವಳು. ಹೆಸರು ಬೊಮ್ಮಿ, ಅಜ್ಜಿಯ ಹೆಸರೇ ನನಗೂ. ಕಾಲೇಜು ಸೇರಿ ಮೊದಲ ಸಲ ಬೇರೆ ಊರಿಗೆ ಆಡಲು ಹೋದಾಗ, ಇನ್ನೊಂದು ತಂಡದ ಹುಡುಗಿಯೊಬ್ಬಳು ಬೆಳಗ್ಗೆಯಿಂದ ತನ್ನ ಬಾಟಲಿಯ ನೀರನ್ನೇ ನನಗೂ ಕೊಟ್ಟಿದ್ದಳು. ಮಧ್ಯಾಹ್ನ ಅಲ್ಲಿಯವರು ಯಾರೋ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಆಮೇಲೆ ಬಾಟಲಿ ಅವಳ ಬ್ಯಾಗಿನೊಳಗೇ ಉಳಿಯಿತು. ಮುಖ ಅದೇ, ಬಾಯಿ ಅದೇ. ಹೆಸರೊಂದು ಗೊತ್ತಾಗಿತ್ತು ಅಷ್ಟೆ. ಮುಂದಿನ ಪಂದ್ಯದಿಂದ ನಾನು ಭೂಮಿಕಾ ಆದೆ.

ರಾವಂದೂರಿನ ಹತ್ತಿರದ ಒಂದೂರಲ್ಲಿ ಪಂದ್ಯಾವಳಿ ನಡೆದಾಗ ಮೇಷ್ಟ್ರು ನನ್ನ ಬಳಿಯೂ ಬಂದು ಕೂತರು. ಭೂಮಿಕಾ ಎಂದೆ. ಒಂದು ಗಳಿಗೆ ನನ್ನನ್ನೇ ನೋಡಿದರು.

“ಮನೇಲಿ ಅವ್ವ ಏನಂತ ಕೂಗ್ತಾಳವ್ವಾ?”

“ಬೊಮ್ಮಿ ಅಂತ, ಸಾ.”

“ಮೈಕಲ್ಲಿ ಯಾವ್ದ ಹೇಳ್ಲಿ? ನೀ ಹೇಳ್ದಂಗೆ ಹೇಳ್ತೀನಿ.”

ಭೂಮಿಕಾ ಅಂತಲೇ ಇರಲಿ ಎಂದೆ. ಅವರು ಬುದ್ಧಿ ಹೇಳಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಫೈನಲ್ ಮುಗಿಯುವವರೆಗೂ ಭೂಮಿಕಾ ಎಂದೇ ಕೂಗಿದರು.

ನಾವು ಗೆದ್ದೆವು. ಒಳ್ಳೆಯ ರೈಡರ್ ಎಂಬ ಬಹುಮಾನ ನನಗೆ ಬಂತು. ಕಪ್ ಕೊಡುವ ಮುನ್ನ ಪಂದ್ಯ ಏರ್ಪಡಿಸಿದ್ದ ಹಿರಿಯರೊಬ್ಬರು ಮೈಕು ತೆಗೆದುಕೊಂಡು ನನ್ನನ್ನು ಹೊಗಳಿದರು. “ಭೂಮಿಕಾ. ಹೆಸರು ಕೇಳುದ್ರೇ ಗೊತ್ತಾಯ್ತದೆ, ಒಳ್ಳೆ ಮನೆತನದ ಹುಡ್ಗಿ ಅಂತ.”

ಜನ ಚಪ್ಪಾಳೆ ತಟ್ಟಿದರು. ನನಗೆ ಹಾಡಿಯ ನಮ್ಮ ಮನೆಯ ಬಾಗಿಲಲ್ಲಿ ಕೂತ ಅವ್ವ ಕಣ್ಮುಂದೆ ಬಂದಳು. ಅದು ಒಳ್ಳೆಯ ಮನೆ ಅಲ್ಲವೇ? ನೇರ ಮೇಷ್ಟ್ರ ಹತ್ತಿರ ಹೋದೆ.

“ಬೊಮ್ಮಿ ಅಂತ ಕೂಗಿ, ಸಾ. ಹಾಡಿ ಹೆಸ್ರೂ ಸೇರ್ಸಿ.”

ಅವ್ವನ ಹೆಸರು, ಹಾಡಿಯ ಹೆಸರು ಕೇಳಿಕೊಂಡು ಅವರು ಮೈಕು ಈಸಿಕೊಂಡರು. ನನ್ನ ಹೆಸರು, ಅವ್ವನ ಹೆಸರು, ಹಾಡಿಯ ಹೆಸರು, ಮೂರನ್ನೂ ಒಂದೇ ಉಸಿರಿನಲ್ಲಿ ಕೂಗಿದರು. ಆ ಹಿರಿಯರು ಕಪ್ಪನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟರು. ನಾನೇ ಎತ್ತಿಕೊಂಡೆ. ನಮ್ಮ ತಂಡದ ಹುಡುಗಿಯರು ನನ್ನನ್ನು ಎತ್ತಿಕೊಂಡರು.

ಮರುವರ್ಷ ಆ ಊರಿನವರು ಮೇಷ್ಟ್ರನ್ನು ಕರೆಯಲಿಲ್ಲ. ನನ್ನಿಂದ ಹೀಗಾಯಿತಲ್ಲ ಎಂದು ಅವರೆದುರು ಪೇಚಾಡಿಕೊಂಡೆ.

“ಅವ್ರು ಬ್ಯಾರೆ ಗಂಟ್ಲು ಹುಡುಕ್ಕತಾರೆ, ಬುಡವ್ವ. ಅವತ್ತು ಕೂಗ್ದಂಗೆ ನಾನು ಯಾವತ್ತೂ ಕೂಗಿರ್ನಿಲ್ಲ ಕಣವ್ವ” ಎಂದರು.

ಕೊನೆಗಾಲಕ್ಕೆ ಕಾಯಿಲೆ ಬಂದು ಅವರ ದನಿಯೇ ಹೋಯಿತು. ಕೆ.ಆರ್.ನಗರದ ಮಗಳ ಮನೆಯಲ್ಲಿದ್ದಾಗ ನೋಡಲು ಹೋಗಿದ್ದೆ. ನಾನು ಹುಣಸೂರಿನಲ್ಲಿ ಹೊಸದಾಗಿ ಕಟ್ಟಿದ ಹೆಣ್ಣುಮಕ್ಕಳ ತಂಡದ ಬಗ್ಗೆ ಹೇಳುವುದನ್ನು ಕೇಳಿಸಿಕೊಳ್ಳುತ್ತ ನನ್ನ ಕೈ ಹಿಡಿದುಕೊಂಡೇ ಇದ್ದರು. ಹೋದ ವರ್ಷ ತೀರಿಕೊಂಡರು.

ಆ ತಂಡಕ್ಕೆ ಈಗ ಮಾಚಿ ಎಂಬ ಹುಡುಗಿ ನಾಯಕಿ. ಅವಳೂ ಹಾಡಿಯವಳೇ. ಮೊನ್ನೆ ಯಾರೋ ಅವಳಿಗೆ, ಹೆಸರು ಬದಲಾಯಿಸಿಕೋ, ಮುಂದಕ್ಕೆ ಅನುಕೂಲ ಆಗುತ್ತದೆ ಎಂದರಂತೆ. ಅವಳು ನಕ್ಕು, “ಯಾರ್ಗೆ ಅನುಕೂಲ?” ಎಂದು ಕೇಳಿದಳಂತೆ.

ಅವಳ ವಯಸ್ಸಿನಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ನನಗೂ ಅವಳಿಗೂ ನಡುವೆ ಮೇಷ್ಟ್ರು ಬಂದುಹೋಗಿದ್ದರು.