ಏಳನೇ ಓಟ, ನಾಲ್ಕನೇ ಪಟ್ಟೆ

ಹನಾವಾ ಶಿಹೊಗೆ ಫೋಟೊ ಇರಲಿಲ್ಲ. ಆರನೇ ತರಗತಿಯ ನಲವತ್ತೇಳು ಮಕ್ಕಳಲ್ಲಿ ನಲವತ್ತಾರು ಮಂದಿಗೆ ಇತ್ತು, ಅವಳಿಗೆ ಒಂದೂ ಇರಲಿಲ್ಲ.

ಅಕ್ಟೋಬರ್ ತಿಂಗಳ ಶನಿವಾರ, ಬೆಳಗಿನ ಐದೂ ಮುಕ್ಕಾಲು. ಫೋಟೊ ಅಂಗಡಿಯ ಉಗಾಜಿನ್ ಹತ್ಸುಯೆ ಶಾಲೆಯ ಮೈದಾನದಲ್ಲಿ ಮಂಡಿಯೂರಿ ಕೂತಿದ್ದಾರೆ. ಮಂಡಿಗಳಿಗೆ ತೋಟದ ಕೆಲಸದವರು ಕಟ್ಟಿಕೊಳ್ಳುವ ರಬ್ಬರ್ ಪಟ್ಟಿಗಳಿವೆ. ನಾಲ್ಕೈದು ಮಂದಿ ಅಪ್ಪಂದಿರು ಸುಣ್ಣದ ಗಾಡಿ ತಳ್ಳುತ್ತಾ ಓಟದ ಪಟ್ಟೆ ಎಳೆಯುತ್ತಿದ್ದಾರೆ. ಆರಕ್ಕೆ ಸರಿಯಾಗಿ ಕಿನು ನದಿಯ ದಂಡೆಯಿಂದ ಗರ್ನಾಲು ಹಾರುತ್ತದೆ. ಕ್ರೀಡಾಕೂಟ ಇದೆ, ಮುಂದಕ್ಕೆ ಹೋಗಿಲ್ಲ ಎಂದು ಊರಿಗೆಲ್ಲ ಗೊತ್ತಾಗುವುದು ಹೀಗೆ. ಹತ್ಸುಯೆ ತಲೆ ಎತ್ತುವುದಿಲ್ಲ.

"ಮಳೆ ಬರ್ಲಿ ಅಂತ ಬೇಡ್ಕೊಂಡಿದ್ದೆ. ಇನ್ನೊಂದು ವಾರ ಉಸಿರಾಡ್ಬಹುದಿತ್ತು. ಆಮೇಲೆ ಅನ್ನಿಸ್ತು, ವಾರ ಕಳೆದ್ರೆ ಆ ಹುಡುಗಿ ಮನಸ್ಸು ಬದಲಾಯಿಸಿಬಿಟ್ರೆ? ಹಾಳಾಗ್ಲಿ, ಬಿಸಿಲೇ ಇರ್ಲಿ."

ಅವರು ಕೂತಿರುವ ಜಾಗ ಓಟದ ಕೊನೆಯ ಗೆರೆಯಿಂದ ಆರು ಮೀಟರ್ ಆಚೆ, ಸುಣ್ಣದಲ್ಲಿ ಗುರುತು ಮಾಡಿದ ಒಂದು ಚೌಕ. ಫೋಟೊದವರು ಅದರಾಚೆ ಕಾಲಿಡುವಂತಿಲ್ಲ. ಎಂಟೂ ಮುಕ್ಕಾಲಿಗೆ ಸೂರ್ಯ ಓಡುವವರ ಬೆನ್ನಿಗೆ ಬರುತ್ತಾನೆ, ಟೊಪ್ಪಿಯ ಅಂಚಿನ ಕೆಳಗೆ ಮುಖ ಕಪ್ಪಾಗುತ್ತದೆ. ಅದಕ್ಕೇ ಅವರು ಅಪ್ಪಂದಿರಿಗೆ ಕೂಗಿ, ಕೊನೆಯ ಹದಿನೈದು ಮೀಟರಿಗೆ ಸುಣ್ಣವನ್ನು ದಪ್ಪಗೆ ಹಾಕಿಸುತ್ತಾರೆ. ನೆಲದ ಬಿಳುಪು ಮುಖಕ್ಕೆ ಸ್ವಲ್ಪ ಬೆಳಕು ಎತ್ತಿಕೊಡುತ್ತದೆ.

"ಫೋಟೊ ಅಂಗಡಿಯಮ್ಮಾ, ಪ್ರತಿ ವರ್ಷ ಇದೇ ಗೋಳು. ನಮ್ಮ ಸುಣ್ಣವೆಲ್ಲ ನಿಮ್ಮ ಮೂಲೆಗೇ ಹೋಗುತ್ತೆ!"

"ನಿಮ್ಮ ಮಗನ ಮುಖ ಇದ್ದಿಲಿನ ಹಾಗೆ ಬಂದ್ರೆ ನನ್ನ ಹತ್ರ ಬರ್ಬೇಡಿ!"

ಹತ್ಸುಯೆಗೆ ಅರವತ್ತೊಂದು. ಮೂವತ್ತಮೂರು ವರ್ಷದಿಂದ ಈ ಪಟ್ಟಣದ ಮೂರು ಶಾಲೆ, ಒಂದು ಶಿಶುವಿಹಾರಕ್ಕೆ ಇವರೇ ಫೋಟೊದವರು. ಮೊದಲು ಗಂಡ ತೋಕುಜಿಯೂ ಬರುತ್ತಿದ್ದರು. ಅವರು ಕೊನೆಯ ಗೆರೆಯಲ್ಲಿ ಗೆದ್ದವರನ್ನು ನೋಡಿಕೊಂಡರೆ ಇವರು ತಿರುವಿನಲ್ಲಿ ಉಳಿದವರನ್ನು ನೋಡಿಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ತೋಕುಜಿಯ ಸೊಂಟ ಹೋಯಿತು. ಈಗ ಅವರು ಅಂಗಡಿಯಲ್ಲಿ ಕೂತು ಫೋಟೊ ಆರಿಸುತ್ತಾರೆ, ಇವರು ಒಬ್ಬರೇ ತೆಗೆಯುತ್ತಾರೆ.

ಒಂದು ಕ್ರೀಡಾಕೂಟಕ್ಕೆ ಮೂರು ಸಾವಿರದ ಎಂಟುನೂರು ಸಲ ಗುಂಡಿ ಒತ್ತುತ್ತಾರೆ. ಕೂತು ಏಳುವುದು ಸುಮಾರು ನಾನೂರು ಸಲ. ಮಧ್ಯಾಹ್ನದವರೆಗೆ ನೀರು ಮೂರು ಗುಟುಕು ಮಾತ್ರ. ಕಕ್ಕಸಿಗೆ ಹೋದರೆ ಎರಡು ಆಟ ತಪ್ಪುತ್ತವೆ. ಬಾಯಿ ಒಣಗದಿರಲು ಕೆನ್ನೆಯಲ್ಲಿ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣಿನ ಬೀಜ ಇಟ್ಟುಕೊಂಡಿರುತ್ತಾರೆ.

ಈ ಓಡಾಟವೆಲ್ಲ ಒಂದು ಎಣಿಕೆಗಾಗಿ. ಮಾರ್ಚಿನಲ್ಲಿ ಶಾಲೆ ಬಿಡುವ ಆರನೆಯವರ ಕೈಗೆ ಒಂದು ದಪ್ಪ ಆಲ್ಬಮ್ ಬರುತ್ತದೆ. ಅದರಲ್ಲಿ ಯಾವ ಮಗುವೂ ಐದು ಸಲಕ್ಕಿಂತ ಕಡಿಮೆ ಕಾಣಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ. ಅಮ್ಮಂದಿರು ಬೆರಳಿಟ್ಟು ಎಣಿಸುತ್ತಾರೆ, ಅಷ್ಟೆ. ತೋಕುಜಿ ಅಂಗಡಿಯ ಗೋಡೆಗೆ ತರಗತಿಯ ಹೆಸರುಪಟ್ಟಿ ಅಂಟಿಸಿ, ಆರಿಸಿದ ಪ್ರತಿ ಮುಖಕ್ಕೂ ಆ ಹೆಸರಿನ ಮುಂದೆ ಒಂದು ಗೆರೆ ಎಳೆಯುತ್ತಾರೆ. ಐದು ಗೆರೆ ಸೇರಿದರೆ ಒಂದು ಅಕ್ಷರ ಆಗುತ್ತದೆ, ಅದರ ಅರ್ಥ 'ಸರಿ' ಎಂದು. ಈ ಊರಲ್ಲಿ ಓಟು ಎಣಿಸುವುದೂ ಬೀರಿನ ಬಾಟಲಿ ಎಣಿಸುವುದೂ ಇದೇ ಅಕ್ಷರದಲ್ಲಿ. ಅಕ್ಷರ ತುಂಬಿದ ಮಗುವಿನ ಚಿಂತೆ ಬಿಡಬಹುದು. ಸೆಪ್ಟೆಂಬರ್ ಕೊನೆಗೆ ಪಟ್ಟಿಯ ಸಾಲುಗಳೆಲ್ಲ ತುಂಬಿದ್ದವು, ಶಿಹೊಳ ಸಾಲು ಖಾಲಿ ಇತ್ತು.

ಶಿಹೊ ಕಳೆದ ವರ್ಷ ಬೇರೆ ಊರಿಂದ ಬಂದು ಸೇರಿದವಳು. ಹನ್ನೊಂದು ದಿನ ಬಂದಳು, ಆಮೇಲೆ ಬರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಹತ್ಸುಯೆಗೆ ಆ ಶಾಲೆಯಲ್ಲಿ ಕೆಲಸ ಇರಲಿಲ್ಲ. ಪ್ರವಾಸಕ್ಕೆ ಅವಳು ಬರಲಿಲ್ಲ, ಈಜಿಗೆ ಬರಲಿಲ್ಲ, ಇಡೀ ತರಗತಿ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಳ್ಳುವ ದಿನವೂ ಬರಲಿಲ್ಲ. ಹಾಗೆ ಬಾರದವರ ಮುಖವನ್ನು ಎಲ್ಲಿಂದಲೋ ತಂದು ಗುಂಪಿನ ಫೋಟೊದ ಬಲಮೂಲೆಯಲ್ಲಿ ಮೊಟ್ಟೆಯಾಕಾರದಲ್ಲಿ ಅಂಟಿಸುವುದು ರೂಢಿ.

"ಮೊಟ್ಟೆಯೊಳಗಿನ ಮಗೂನ ಯಾರೂ ನೆನಪಿಟ್ಕೊಳ್ಳಲ್ಲ. ಇಪ್ಪತ್ತು ವರ್ಷ ಆದ್ಮೇಲೆ ಆಲ್ಬಮ್ ತೆಗೆದು, ಇದ್ಯಾರು, ಸತ್ತುಹೋದ್ಲಾ ಅಂತ ಕೇಳ್ತಾರೆ. ನನ್ನ ಎದುರಿಗೇ ಕೇಳಿದಾರೆ" ಎನ್ನುತ್ತಾರೆ ಹತ್ಸುಯೆ.

ಬುಧವಾರ ತರಗತಿಯ ಮೇಷ್ಟ್ರು ಯಾಗಿಸಾವಾ ಅಂಗಡಿಗೆ ಫೋನ್ ಮಾಡಿದ್ದರು. ಶಿಹೊ ಕ್ರೀಡಾಕೂಟಕ್ಕೆ ಬರುತ್ತಾಳಂತೆ. ನೂರು ಮೀಟರ್ ಓಡಿ ಹಾಗೇ ಹೋಗಿಬಿಡುತ್ತಾಳಂತೆ. ಯಾರೂ ಹೆಸರು ಕೂಗಬಾರದು, ಎದುರಿಗೆ ನಿಂತು ಕ್ಯಾಮೆರಾ ಹಿಡಿಯಬಾರದು. ಹಿಡಿದರೆ ನಿಂತುಬಿಡುತ್ತಾಳೆ ಎಂದು ಅವಳ ಅಮ್ಮ ಹೇಳಿದ್ದಾರೆ. ಫೋಟೊ ಅವಳಿಗೆ ಒಪ್ಪಿಗೆಯಾದರೆ ಮಾತ್ರ ಹಾಕಬಹುದು. ಆಲ್ಬಮ್ಮಿನ ಕ್ರೀಡಾಕೂಟದ ಪುಟ ಮಂಗಳವಾರ ಅಚ್ಚಿಗೆ ಹೋಗುತ್ತದೆ.

"ಅಂದ್ರೆ ಹದಿನೆಂಟು ಸೆಕೆಂಡು" ಎಂದಿದ್ದರು ಹತ್ಸುಯೆ.

"ಇಪ್ಪತ್ತೂ ಆಗ್ಬಹುದು. ಓಡಿ ಒಂದು ವರ್ಷ ಆಗಿದೆಯಲ್ಲ."

"ಮೇಷ್ಟ್ರೇ, ಸಮಾಧಾನ ಹೇಳೋಕೂ ನಿಮಗೆ ಬರಲ್ಲ."

ಓಟಗಳನ್ನು ಹಂಚುವುದು ಮಕ್ಕಳ ವೇಗ ನೋಡಿ. ಶಿಹೊಳ ವೇಗ ಯಾರಿಗೂ ಗೊತ್ತಿಲ್ಲವಾದ್ದರಿಂದ ಜಾಗ ಖಾಲಿ ಇದ್ದ ಏಳನೇ ಓಟಕ್ಕೆ ಹಾಕಿದ್ದಾರೆ. ಅದು ಚುರುಕು ಕಾಲಿನ ಹುಡುಗಿಯರ ಓಟ. ಹತ್ಸುಯೆಗೆ ನಿದ್ದೆ ಕೆಡಿಸಿದ್ದು ಇದು. ತಿರುವಿನವರೆಗೆ ಎಲ್ಲರೂ ತಮ್ಮ ಪಟ್ಟೆಯಲ್ಲಿ ಓಡುತ್ತಾರೆ. ತಿರುವು ದಾಟಿದ ಮೇಲೆ ಎಲ್ಲರೂ ಒಳಬದಿಗೆ ನುಗ್ಗುತ್ತಾರೆ. ಚೌಕದಲ್ಲಿ ಕೂತವರಿಗೆ ಕೊನೆಯ ಮಗು ಐದು ಮೈಗಳ ಹಿಂದೆ ಮುಚ್ಚಿಹೋಗುತ್ತದೆ. ಈಗಿನ ಕ್ಯಾಮೆರಾ ತಾನೇ ಮುಖ ಹುಡುಕಿ ಹಿಡಿಯುತ್ತದೆ ನಿಜ, ಆದರೆ ಹತ್ತಿರದ ಮುಖಕ್ಕೇ ಅಂಟಿಕೊಳ್ಳುತ್ತದೆ. ಹಿಂದಿನ ಮಗು ಅದರ ಲೆಕ್ಕಕ್ಕೇ ಬರುವುದಿಲ್ಲ.

ಎಂಟೂ ಮುಕ್ಕಾಲಿಗೆ ಆರನೆಯವರ ಓಟ ಶುರುವಾಗುತ್ತದೆ. ಎಂಟು ಓಟ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ. ಹತ್ಸುಯೆಯ ಎಡಗಣ್ಣು ತೆರೆದೇ ಇರುತ್ತದೆ. ಬಲಗಣ್ಣು ತೆಗೆಯುತ್ತದೆ, ಎಡಗಣ್ಣು ಮುಂದೆ ಬರುವವರನ್ನು ನೋಡುತ್ತದೆ. ಮೊದಲು ರಿಬ್ಬನ್ ಕತ್ತರಿಸುವ ಮಗು, ಆಮೇಲೆ ಎರಡನೆಯದು, ಮೂರನೆಯದು, ಹೀಗೆ ಮುಂದಿನಿಂದ ಹಿಂದಕ್ಕೆ, ಒಂದೊಂದಕ್ಕೆ ಮೂರು ಒತ್ತು. ಒತ್ತುವುದು ಗೆರೆಗೆ ಮೂರು ಹೆಜ್ಜೆ ಮುಂಚೆ, ಎರಡೂ ಪಾದ ನೆಲ ಬಿಟ್ಟಾಗ.

"ಗೆರೆ ದಾಟಿದ್ಮೇಲೆ ಮುಖ ಇರಲ್ಲ, ಬರೀ ತಲೆ ಇರುತ್ತೆ. ಎಲ್ಲಾ ಮಕ್ಕಳೂ ನೆಲ ನೋಡ್ತಾವೆ" ಎನ್ನುತ್ತಾರೆ. ಕ್ಯಾಮೆರಾದ ಕಣ್ಣು ತೆರೆದಿರುವುದು ಸೆಕೆಂಡಿನ ಸಾವಿರದ ಇನ್ನೂರೈವತ್ತನೇ ಒಂದು ಭಾಗ. ಅದಕ್ಕಿಂತ ನಿಧಾನವಾದರೆ ಕೈಬೆರಳು ಅಳಿಸಿಹೋಗುತ್ತವೆ.

ಆರು ಓಟ ಮುಗಿಯುತ್ತವೆ. ಹತ್ಸುಯೆ ಒಂದು ಕೆಲಸ ಮಾಡುತ್ತಾರೆ. ಕ್ಯಾಮೆರಾದ ಮುಖ ಹುಡುಕುವ ಯಂತ್ರವನ್ನು ನಿಲ್ಲಿಸುತ್ತಾರೆ. ಮೂವತ್ತು ಮೀಟರ್ ಆಚೆ, ನಾಲ್ಕನೇ ಪಟ್ಟೆಯ ಹೊರಬದಿಯ ಸುಣ್ಣದ ಗೆರೆಯಲ್ಲಿ ಯಾರದೋ ಕಾಲು ತಾಗಿ ಒಂದು ಕಡೆ ಅಳಿಸಿದೆ. ಅದನ್ನು ನೋಡಿ ದೃಷ್ಟಿ ಕೂಡಿಸಿ, ಲೆನ್ಸಿನ ಬಳೆ ಕದಲದಂತೆ ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ. ಚೌಕದ ಹೊರ ಅಂಚಿಗೆ ಸರಿದು ಬೀಳುವಷ್ಟು ಪಕ್ಕಕ್ಕೆ ವಾಲುತ್ತಾರೆ. ಇನ್ನು ಆ ಅಳಿಸಿದ ಜಾಗಕ್ಕೆ ಬಂದವರಷ್ಟೇ ಸ್ಪಷ್ಟ. ಮುಂದೆ ಬರುವವರೆಲ್ಲ ಮಂಜು.

ಪಿಸ್ತೂಲು ಸಿಡಿಯುತ್ತದೆ. ನಾಲ್ಕನೇ ಪಟ್ಟೆಯ ಹುಡುಗಿ ತಡವಾಗಿ ಏಳುತ್ತಾಳೆ. ತಿರುವಿಗೆ ಬರುವಷ್ಟರಲ್ಲಿ ಕೊನೆಯವಳು. ಮುಂದಿನ ಐದು ಮಂದಿ ಒಳಗೆ ನುಗ್ಗುತ್ತಾರೆ. ಇವಳಿಗೆ ಆ ರೂಢಿ ಗೊತ್ತಿಲ್ಲ, ಹತ್ಸುಯೆ ಎಣಿಸಿದಂತೆಯೇ ತನ್ನ ಪಟ್ಟೆಯಲ್ಲೇ ಬರುತ್ತಿದ್ದಾಳೆ.

ಹತ್ಸುಯೆಯ ಎಡಗಣ್ಣಿಗೆ ಎಲ್ಲವೂ ಕಾಣುತ್ತಿದೆ. ಅಕುತ್ಸು ವಾಕಾನಾ ಎಂಬ ಹುಡುಗಿ ಎಲ್ಲರಿಗಿಂತ ಮುಂದಿದ್ದಾಳೆ, ಎರಡೂ ಕೈ ಎತ್ತಿದ್ದಾಳೆ, ರಿಬ್ಬನ್ ಎದೆಗೆ ತಾಗುತ್ತಿದೆ. ಕೊರಳಲ್ಲಿ ಇನ್ನೊಂದು ಕ್ಯಾಮೆರಾ ತೂಗುತ್ತಿದೆ. ಅದಕ್ಕೆ ಕೈ ಹಾಕಿದರೆ ಬಳೆ ಕದಲುತ್ತದೆ. ಅವರು ಕೈ ಹಾಕುವುದಿಲ್ಲ. ವಾಕಾನಾ ದಾಟುತ್ತಾಳೆ, ಉಳಿದ ನಾಲ್ವರೂ ದಾಟುತ್ತಾರೆ. ಶಿಹೊ ಅಳಿಸಿದ ಗೆರೆಯ ಮೇಲೆ ಕಾಲಿಡುತ್ತಾಳೆ. ನಾಲ್ಕು ಒತ್ತು.

ಎಂಟನೇ ಓಟ ಬರುತ್ತಿದೆ, ನೋಡಲು ಸಮಯವಿಲ್ಲ. ಹತ್ಸುಯೆ ಯಂತ್ರವನ್ನು ಮತ್ತೆ ಹಚ್ಚುತ್ತಾರೆ. ಅವಸರದಲ್ಲಿ ಎರಡು ಸಲ ಬೇರೆ ಗುಂಡಿ ಒತ್ತುತ್ತಾರೆ. ಅದು ಮುಗಿದು ತಲೆ ಎತ್ತುವಾಗ ಶಿಹೊ ಗೇಟಿನ ಹತ್ತಿರ ಅಮ್ಮನ ಕಾರು ಹತ್ತುತ್ತಿದ್ದಾಳೆ.

ಯಾಗಿಸಾವಾ ಮೇಷ್ಟ್ರು ಮೈದಾನದ ಆಚೆಯಿಂದ ಎರಡು ಕೈ ಎತ್ತಿ, ಸಿಕ್ಕಿತಾ ಎಂದು ಸನ್ನೆ ಮಾಡುತ್ತಾರೆ. ಇವರು ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ. ಮಧ್ಯಾಹ್ನದವರೆಗೂ ಕ್ಯಾಮೆರಾದ ಪರದೆ ನೋಡುವುದಿಲ್ಲ. "ಇಲ್ಲ ಅಂತ ಗೊತ್ತಾದ್ರೆ ಉಳಿದ ಕೆಲಸವೂ ಕೆಡುತ್ತೆ" ಎನ್ನುತ್ತಾರೆ.

ಊಟದ ಹೊತ್ತಿಗೆ ವಾಕಾನಾಳ ಅಪ್ಪ ಒಂದು ಡಬ್ಬಿ ಚಹಾ ಹಿಡಿದು ಬರುತ್ತಾರೆ. ಹತ್ಸುಯೆ ಒಣಗಿದ ಸೋರೆಕಾಯಿ ಹಾಕಿದ ಅನ್ನದ ಸುರುಳಿ ತಿನ್ನುತ್ತಿದ್ದಾರೆ.

"ನೋಡಿದ್ರಲ್ಲ ನಮ್ಮ ವಾಕಾನಾನ! ಅಪ್ಪನ ಕಾಲು ಅಂದ್ಕೊಂಡ್ರಾ? ಅಲ್ಲ, ಅವರಮ್ಮಂದು. ನಮಗೆ ಅಲ್ಲಿಂದ ಬರೀ ಬೆನ್ನು ಕಾಣ್ತು. ರಿಬ್ಬನ್ನಿನ ಫೋಟೊ ನಂಬರ್ ಹೇಳ್ಬಿಡಿ, ಗೋಡೆಗೆ ಹಾಕೋವಷ್ಟು ದೊಡ್ಡದು ಮಾಡಿಸ್ತೀನಿ."

"ಆ ಫೋಟೊ ಇಲ್ಲ, ಅಕುತ್ಸು-ಸಾನ್. ನಾನು ತೆಗೀಲಿಲ್ಲ."

"ತಮಾಷೆ ಬೇಡ."

"ಕ್ಷಮಿಸಿ. ತಪ್ಪು ನಂದು." ಹತ್ಸುಯೆ ಎದ್ದು ಸೊಂಟ ಬಗ್ಗಿಸುತ್ತಾರೆ. ಕಾರಣ ಹೇಳಬೇಕಾದರೆ ಶಿಹೊಳ ಹೆಸರು ಹೇಳಬೇಕಾಗುತ್ತದೆ. ಹೇಳುವುದಿಲ್ಲ.

"ಕಣ್ಣು ಮಂಜಾಯ್ತಾ?"

"ಹಾಗೇ ಅಂದ್ಕೊಳ್ಳಿ."

ಅಪ್ಪ ಕೂಗಾಡುವುದಿಲ್ಲ. "ಆರು ವರ್ಷದಲ್ಲಿ ಒಂದೇ ಸಲ ಕಣ್ರೀ ಅವಳು ಮೊದಲು ಬಂದಿದ್ದು" ಎಂದು ಹೇಳಿ ಹೋಗುತ್ತಾರೆ. ಚಹಾದ ಡಬ್ಬಿ ಅವರ ಕೈಯಲ್ಲೇ ಇದೆ.

ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ತೋಕುಜಿ ಶಿಹೊಳ ನಾಲ್ಕು ಫೋಟೊಗಳನ್ನು ತೆರೆಯುತ್ತಾರೆ. ಒಂದರಲ್ಲಿ ಕಣ್ಣು ಮುಚ್ಚಿದೆ. ಒಂದರಲ್ಲಿ ಗೆರೆ ದಾಟಿ ನಿಂತವಳ ಜಡೆ ಅಡ್ಡ ಬಂದಿದೆ. ಒಂದರಲ್ಲಿ ಟೊಪ್ಪಿ ಮಾತ್ರ. ನಾಲ್ಕನೆಯದರಲ್ಲಿ ಹುಡುಗಿ ಇದ್ದಾಳೆ, ಎರಡೂ ಪಾದ ನೆಲ ಬಿಟ್ಟಿವೆ, ಟೊಪ್ಪಿಯ ಎಲಾಸ್ಟಿಕ್ಕನ್ನು ಹಲ್ಲಲ್ಲಿ ಕಚ್ಚಿದ್ದಾಳೆ.

"ಇಷ್ಟಕ್ಕೆ ಎರಡು ದಿನ ನನ್ನ ನಿದ್ದೆ ತಿಂದೆ. ನಾನಾಗಿದ್ರೆ ಕಣ್ಮುಚ್ಚಿ ತೆಗೀತಿದ್ದೆ" ಎನ್ನುತ್ತಾರೆ ತೋಕುಜಿ.

"ಅದಕ್ಕೇ ನೀನು ತೆಗೆದಿದ್ರಲ್ಲಿ ಎಲ್ರ ಕಣ್ಣೂ ಮುಚ್ಚಿರ್ತಿತ್ತು."

ತೋಕುಜಿ ಗೋಡೆಯ ಪಟ್ಟಿಯಲ್ಲಿ ಶಿಹೊಳ ಮುಂದೆ ಒಂದು ಅಡ್ಡಗೆರೆ ಎಳೆಯುತ್ತಾರೆ. ಅಕ್ಷರ ತುಂಬಲು ಇನ್ನೂ ನಾಲ್ಕು ಬೇಕು. ಸೋಮವಾರ ಮೇಷ್ಟ್ರು ಫೋಟೊ ತೆಗೆದುಕೊಂಡು ಹುಡುಗಿಯ ಮನೆಗೆ ಹೋಗುತ್ತಾರೆ. ಸಂಜೆ ಫೋನ್ ಬರುವವರೆಗೆ ಹತ್ಸುಯೆ ಅಂಗಡಿಯ ಮುಂದಿನ ರಸ್ತೆಯನ್ನು ಮೂರು ಸಲ ಗುಡಿಸುತ್ತಾರೆ.

"ತುಂಬಾ ಹೊತ್ತು ನೋಡಿದ್ಲು. ಹಲ್ಲು ಕಾಣ್ತಿದೆ ಅಂದ್ಲು."

"ಹಾಕಬೇಡಿ ಅಂದ್ಲಾ?"

"ಅನ್ನಲಿಲ್ಲ. ಅಂಗೈಯಷ್ಟು ಇದ್ರೆ ಪರವಾಗಿಲ್ಲ, ಅದಕ್ಕಿಂತ ದೊಡ್ಡದು ಬೇಡ ಅಂದ್ಲು."

ಫೋಟೊ ಅಂಗೈಯಷ್ಟೇ ಇರುವಂತೆ ಪುಟ ಕಟ್ಟಿ ಮಂಗಳವಾರ ಅಚ್ಚಿಗೆ ಕಳಿಸಿದ್ದಾರೆ. ಮುಂದಿನ ವರ್ಷ ರಿಬ್ಬನ್ ಹತ್ತಿರ ಫೋಟೊ ತೆಗೆಯಲು ಇನ್ನೊಬ್ಬರು ಇದ್ದರೆ ಸಾಕು, ತಮಗೆ ಬೇರೇನೂ ಬೇಡ ಎನ್ನುತ್ತಾರೆ ಹತ್ಸುಯೆ. ವಾಕಾನಾಳ ಅಪ್ಪನಿಗೆ ಎರಡು ಸಲ ಕಾಗದ ಬರೆದು ಹರಿದು ಹಾಕಿದ್ದಾರೆ. ಏಳನೇ ಓಟದಲ್ಲಿ ಓಡಿದವರು ಆರು ಮಂದಿ. ಮುಖ ಸಿಕ್ಕಿದ್ದು ಒಬ್ಬಳದು. ತಪ್ಪಿಹೋದ ಮುಖಗಳು ಐದು.