ಡಿಟೆಸ್ಟ್ ಎಂದು ಬರೆದದ್ದಕ್ಕೆ

ಆಗಸ್ಟ್ 6, ಗುರುವಾರ. ಬರೆಯಲು ಕೂತದ್ದು ಸಂಜೆ 5.40ಕ್ಕೆ.

ಈ ವರ್ಷ ಡೈರಿಯಲ್ಲಿ ಚಿಕ್ಕಮ್ಮನ ಬಗ್ಗೆ ಹನ್ನೊಂದು ಸಲ 'ಡಿಟೆಸ್ಟ್' ಎಂದು ಬರೆದಿದ್ದೇನೆ. ತುಂಬಾ ದ್ವೇಷಿಸುವುದು ಎಂದಷ್ಟೇ ಅದರರ್ಥ ತಿಳಿದಿದ್ದೆ. ಇಂದು ಸಿರಸಿಯ ಗ್ರಂಥಾಲಯದಲ್ಲಿ ನಿಘಂಟು ತೆರೆದರೆ, ಲ್ಯಾಟಿನ್ ಮೂಲದಲ್ಲಿ ಅದು ದೇವರನ್ನು ಸಾಕ್ಷಿಗೆ ಕರೆದು ಶಪಿಸುವುದಂತೆ. ನಿಘಂಟು ಮುಚ್ಚಿಟ್ಟು ಎದ್ದುಬಿಟ್ಟೆ. ನಿನ್ನೆಯಷ್ಟೇ ಚಿಕ್ಕಮ್ಮನನ್ನು ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದಾರೆ.

ಮನೆಗೆ ಬಂದು ಅಜ್ಜಿಗೆ ಹೇಳಿದೆ.

"ಇಂಗ್ಲಿಷಲ್ಲಿ ಬರದ್ರೆ ದೇವ್ರಿಗೆ ತಿಳೀತಿಲ್ಯನೆ ಕೂಸೆ? ಚಿಕ್ಕಿ ಎದ್ರಿಗೇ ಒಪ್ಕಂಡು ತಪ್ಪು ಕಾಣಿಕೆ ಇಡವು," ಎಂದಳು.

ನಮ್ಮಲ್ಲಿ ದೇವರನ್ನು ಕರೆದು ಬೈದವರು ಹಾಗೆಯೇ, ಬೈಸಿಕೊಂಡವರೆದುರು ಒಪ್ಪಿಕೊಂಡು ದೇವರಿಗೆ ದುಡ್ಡಿಟ್ಟು, ಮಾತು ಹಿಂದಕ್ಕೆ ತೆಗೆದುಕೊಳ್ಳುವುದು. ಆದರೆ ನಾಳೆ ಚಿಕ್ಕಮ್ಮನ ಹೃದಯದ ಆಪರೇಷನ್. ಈಗ ಹೇಳಿದರೆ ಅವಳು ತಡೆದುಕೊಂಡಾಳೇ? ಹೇಳದೆ ಇಟ್ಟ ಕಾಣಿಕೆ ಸಲ್ಲುತ್ತದೆಯೇ? ಈ ಗುಂಪಿನಲ್ಲಿ ತಿಳಿದವರು ದಯವಿಟ್ಟು ಬೇಗ ಬರೆದು ತಿಳಿಸಿ.