ವಿಲ್ಫ್ರೆಡ್ ಕಾಯುವ ಹುಲ್ಲು
ನಮ್ಮ ಥಾರ್ನ್‌ಬಿಯ ಫುಟ್‌ಬಾಲ್ ಮೈದಾನದ ಹುಲ್ಲು ನೋಡಿಕೊಳ್ಳುವ ವಿಲ್ಫ್ರೆಡ್, ಗೋಲಿನ ಮುಂದೆ ಅಭ್ಯಾಸಕ್ಕೆ ನಿಂತ ತಂಡದ ನಾಯಕನಿಗೂ "ಆಚೆ ಹೋಗಿ ಒದ್ಕೊಳಪ್ಪಾ, ಇಲ್ಲಿ ಮಗು ಮಲ್ಗಿದೆ" ಎನ್ನುವ ಆಸಾಮಿ. ಮೇ ತಿಂಗಳಲ್ಲಿ, ಮೇಲಿನ ದರ್ಜೆಗೆ ಏರಿಸುವ ಪ್ಲೇ-ಆಫ್ ಪಂದ್ಯ ಬಂತೆಂದರೆ ಪಾರಿವಾಳಗಳನ್ನೂ ಗದರುತ್ತಾನೆ. ಇಂಥ ಪಂದ್ಯ ಗೆದ್ದರೆ ಊರಿಗೆ ಊರೇ ಬೇಲಿ ಹಾರಿ ಮೈದಾನಕ್ಕೆ ನುಗ್ಗುವುದು ಈ ನಾಡಿನ ವಾಡಿಕೆ. "ಗೆದ್ರೆ ನಿನ್ ಹುಲ್ಲಿನ ಗತಿ ಏನೋ?" ಎಂದು ಚಹಾ ಮಾರುವ ಡೋರೀನ್ ಕೆಣಕಿದರೆ, "ಸೋಲ್ಲಿ ಬಿಡೇ" ಎಂದು ಗೊಣಗುತ್ತಾನೆ. ಆ ಹುಲ್ಲು ಇಷ್ಟು ವರ್ಷ ಅಷ್ಟು ಚೆಂದವಾಗಿ ಉಳಿದದ್ದು, ಅದನ್ನು ತುಳಿಯುವ ಭಾಗ್ಯ ನಮಗೆ ಒಮ್ಮೆಯೂ ಬಾರದೆ ಹೋದದ್ದರಿಂದ. ಈ ಸಲ ಗೆದ್ದೆವು. ಕೊನೆಯ ಶಿಳ್ಳೆ ಬಿದ್ದದ್ದೇ ಬೇಲಿಯ ಗೇಟು ತೆರೆದವನು ವಿಲ್ಫ್ರೆಡ್. "ಹಾರ್ಬೇಡ್ರೋ, ಕಾಲು ಮುರ್ಕೋತೀರ, ಹೀಗೆ ಬನ್ನಿ" ಎನ್ನುತ್ತಾ, ಎಲ್ಲರಿಗಿಂತ ಮೊದಲು ಡೋರೀನಳ ಕೈ ಹಿಡಿದು ಹುಲ್ಲಿನ ಮೇಲೆ ನಡೆಸಿಕೊಂಡು ಬಂದ.